ಎರಡನೇ ಬ್ಯಾರನ್ನಿನ ಐದನೇ ಲೋಡು

ಹೋದ ವಾರ ಪಿರಿಯಾಪಟ್ಟಣಕ್ಕೆ ಮದುವೆಗೆ ಹೋಗಿದ್ದೆ. ಹುಣಸೂರಿಗೆ ಹಿಂದಿರುಗಲು ನೇರ ಬಸ್ಸು ಸಿಗದೆ, ರಾವಂದೂರಿನ ಮೇಲೆ ಸುತ್ತು ಹೊಡೆದು ಬರುವ ಬಸ್ಸು ಹತ್ತಿದೆ. ಮಳೆ ನಿಂತಿತ್ತು, ಕಿಟಕಿಗಳು ತೆರೆದಿದ್ದವು. ಊರು ದಾಟುತ್ತಿದ್ದಂತೆ ಹೊಗೆಸೊಪ್ಪು ಬೇಯುವ ವಾಸನೆ ಬಸ್ಸಿನೊಳಗೆ ನುಗ್ಗಿತು. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ತಲೆ ಹೊರಗೆ ಹಾಕಿ ಇದು ಎಷ್ಟನೇ ದಿನದ್ದಿರಬಹುದು ಎಂದು ಲೆಕ್ಕ ಹಾಕತೊಡಗಿದೆ. ಮೊದಲ ದಿನ ಹಸಿ ಹುಲ್ಲಿನ ವಾಸನೆ ಇರುತ್ತದೆ, ಮೂರನೇ ದಿನಕ್ಕೆ ಒಣಹುಲ್ಲಿನದು, ಐದನೇ ದಿನ ಬೆಲ್ಲ ಕಾಸಿದ ಹಾಗೆ. ಇದನ್ನು ನನಗೆ ಹೇಳಿಕೊಟ್ಟವರು ಸಣ್ಣಪ್ಪಣ್ಣ. ಅವರಿಗೆ ನಾನು ಮಾಡಿದ ಉಪಕಾರ ಏನೆಂಬುದನ್ನು ಇಲ್ಲಿ ಬರೆದಿಡಬೇಕು ಅನ್ನಿಸಿತು.

ನಮ್ಮದು ಹುಣಸೂರಿನಲ್ಲಿ ತಗಡಿನ ಕೆಲಸದ ಮನೆ. ಹೊಗೆಸೊಪ್ಪಿನ ಬ್ಯಾರನ್ ಅಂದರೆ ಎತ್ತರದ ಗೋಡೆಯ ಒಂದೇ ಕೋಣೆ. ಹೊರಗಿನ ಒಲೆಗೆ ಸೌದೆ ಹಾಕಿದರೆ, ಒಳಗೆ ನೆಲದ ಮೇಲೆ ಹಾದುಹೋಗುವ ತಗಡಿನ ಕೊಳವೆಗಳು ಕಾದು, ಮೇಲೆ ಕಡ್ಡಿಗಳಿಗೆ ಕಟ್ಟಿ ನೇತುಹಾಕಿದ ಸೊಪ್ಪು ಬೇಯುತ್ತದೆ. ಆ ಕೊಳವೆಗಳನ್ನು ಮಾಡುವವರು, ತೂತು ಬಿದ್ದರೆ ಮುಚ್ಚುವವರು ನಮ್ಮಬ್ಬ. ರಾವಂದೂರು ಹೋಬಳಿಯ ಊರುಗಳಲ್ಲೆಲ್ಲ ಅವರು ತಗಡಿನ ಸಾಬರು, ನಾನು ತಗಡಿನ ಸಾಬರ ಮಗಳು ನಸೀಮ. ನಾನು ಡಿಪ್ಲೊಮಾ ಮಾಡಿ, ಪೇಟೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಅಬ್ಬನ ಜೊತೆ ಒಮ್ಮೆ ಬ್ಯಾರನ್ ನೋಡಿಬಂದ ಮೇಲೆ ತಲೆಗೆ ಹುಳ ಹೊಕ್ಕಿತು. ಐದಾರು ದಿನ ಹಗಲೂ ರಾತ್ರಿ ಒಬ್ಬರು ಒಲೆ ಮುಂದೆ ಕೂತು ಶಾಖ ನೋಡಿಕೊಳ್ಳಬೇಕು. ಅದನ್ನು ಒಂದು ತಂತಿ, ಒಂದು ಹಳೆಯ ಕಂಪ್ಯೂಟರು ನೋಡಿಕೊಂಡರೆ ಏನು? ಬರೆದೇಬಿಟ್ಟೆ. ಹತ್ತು ಸೆಕೆಂಡಿಗೊಮ್ಮೆ ಬ್ಯಾರನ್ನಿನ ಶಾಖ ಫ್ಯಾರನ್‌ಹೀಟಿನಲ್ಲಿ ಪರದೆಯ ಮೇಲೆ ಬರಬೇಕು, ಮಿತಿ ದಾಟಿದರೆ ಗಂಟೆ ಹೊಡೆಯಬೇಕು. ಇಷ್ಟೇ ಪ್ರೋಗ್ರಾಮು.

ಮೊದಲು ಒಪ್ಪಿದವರು ಜಯಕ್ಕ. ಮೂರು ಬ್ಯಾರನ್ ಇಟ್ಟುಕೊಂಡು ಬೇಸಾಯ ನಡೆಸುವ ಗಟ್ಟಿ ಹೆಂಗಸು. ಅಬ್ಬನ ಮೇಲಿನ ನಂಬಿಕೆಯಿಂದ ಹೂಂ ಅಂದರೇ ಹೊರತು ಕಂಪ್ಯೂಟರಿನ ಮೇಲಿನ ನಂಬಿಕೆಯಿಂದಲ್ಲ. ಅವರ ಮೈದುನ ಪುಟ್ಟಸ್ವಾಮಿಗೆ ಮಾತ್ರ ಹೊಸದೆಂದರೆ ಬಲು ಹಿಗ್ಗು. ಒಲೆಯ ಮುಂದಿನವರು ಸಣ್ಣಪ್ಪಣ್ಣ. ಇಪ್ಪತ್ತು ವರ್ಷದಿಂದ ಆ ಮನೆಯ ಸೊಪ್ಪೆಲ್ಲ ಅವರ ಕೈಯಲ್ಲೇ ಬೆಂದದ್ದು. ಪ್ರತಿ ಬ್ಯಾರನ್ನಿನ ಗೋಡೆಯ ಕಿಂಡಿಯಲ್ಲೂ ಒಂದು ಥರ್ಮಾಮೀಟರ್ ತೂಗುಹಾಕಿದ್ದರು. ನನ್ನ ತಂತಿ ಎಳೆಯಲು ಅದೇ ಕಿಂಡಿ ಸರಿಯಾಗಿತ್ತು. ಇನ್ನು ಅದು ಯಾಕೆ, ಪರದೆ ನೋಡಿದರೆ ಸಾಕು ಎಂದು ಮೂರು ಥರ್ಮಾಮೀಟರನ್ನೂ ಬಿಚ್ಚಿಸಿ ಒಳಗಿಡಿಸಿದೆ. ಇದು ನನ್ನ ಮೊದಲನೇ ಜಾಣತನ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರೋಗ್ರಾಮು ನಡೆಯುವಾಗ ಏನನ್ನೇ ನೆನಪಿಟ್ಟುಕೊಳ್ಳಬೇಕಾದರೂ ಕಂಪ್ಯೂಟರಿನ ಮೆಮೊರಿಯಲ್ಲಿ ಜಾಗ ಬೇಕು. ಹಳೆಯ ಭಾಷೆಗಳಲ್ಲಿ ಕೆಲಸ ಮುಗಿದ ಮೇಲೆ ಆ ಜಾಗವನ್ನು ಬರೆದವರೇ ಬಿಟ್ಟುಕೊಡಬೇಕಿತ್ತು. ನಾನು ಬರೆದದ್ದು ಜಾವಾ ಎಂಬ ಹೊಸ ಭಾಷೆಯಲ್ಲಿ. ಅದರಲ್ಲಿ ಬೇಡದ್ದನ್ನು ಗುಡಿಸಲು ಆಳು ಇದ್ದಾಳೆ. ಜಯಕ್ಕನ ಅಂಗಳದಲ್ಲಿ ಸೊಪ್ಪು ಕಟ್ಟಿ ಮುಗಿದ ಮೇಲೆ ಕೆಲಸದ ಕೆಂಪಿ ಎಂಬಾಕೆ ಬಂದು ಗುಡಿಸುತ್ತಿದ್ದಳು, ಹಾಗೆ. ಕೆಂಪಿ ನೆಲಕ್ಕೆ ಬಿದ್ದ ಎಲೆ, ದಾರ ಎಲ್ಲ ಬಾಚುತ್ತಾಳೆ. ಆದರೆ ಯಾರಾದರೂ ಕೈಯಲ್ಲಿ ಹಿಡಿದುಕೊಂಡಿರುವುದನ್ನು, ಅದು ಹರಕು ಗೋಣಿಯೇ ಆಗಿರಲಿ, ಮುಟ್ಟುವುದಿಲ್ಲ. ಜಾವಾದ ಗುಡಿಸುವವಳಿಗೂ ಅದೇ ನೇಮ. ಪ್ರೋಗ್ರಾಮಿನ ಯಾವ ಭಾಗವೂ ಹಿಡಿದುಕೊಂಡಿಲ್ಲದ್ದನ್ನು ಮಾತ್ರ ಅವಳು ತೆಗೆಯುತ್ತಾಳೆ. ನನಗೆ ಪಾಠ ಹೇಳಿದವರು ಇಂಥ ಭಾಷೆಯಲ್ಲಿ ಮೆಮೊರಿ ಸೋರುವುದಿಲ್ಲ, ಬೇಡದ್ದು ತುಂಬಿ ಜಾಗ ಮುಗಿಯುವುದಿಲ್ಲ ಎಂದಿದ್ದರು. ನಾನೂ ಸೆಂಟರಿನ ಮಕ್ಕಳಿಗೆ ಅದನ್ನೇ ಗಿಳಿಪಾಠ ಮಾಡಿಸುತ್ತಿದ್ದೆ.

ಜುಲೈ ತಿಂಗಳಿನಲ್ಲಿ ಕೊಯ್ಲು ಶುರುವಾಯಿತು. ಗಿಡದ ಕೆಳಗಿನಿಂದ ಹಣ್ಣಾದ ಎಲೆಯನ್ನಷ್ಟೇ ಮುರಿಯುತ್ತಾರೆ. ಹೀಗಾಗಿ ಒಂದೊಂದು ಬ್ಯಾರನ್ನಿಗೆ ಹತ್ತು ದಿನಕ್ಕೊಂದು ಲೋಡು. ತುಂಬಿಸಿದಾಗ ಪರದೆಯಲ್ಲಿ ‘ಹೊಸ ಲೋಡು’ ಎಂಬ ಗುಂಡಿ ಒತ್ತಬೇಕು, ಬೆಂದ ಸೊಪ್ಪು ಇಳಿಸಿದಾಗ ‘ಬ್ಯಾರನ್ ಖಾಲಿ’ ಎಂಬ ಗುಂಡಿ. ಪುಟ್ಟಸ್ವಾಮಿಗೆ ಎರಡು ಸಲ ತೋರಿಸಿಕೊಟ್ಟು ಬಂದೆ. ಆ ತಿಂಗಳು ಎಲ್ಲ ಸುಸೂತ್ರ. ಮಳೆಗೆ ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು, ಬಂದಾಗ ಪ್ರೋಗ್ರಾಮು ತಾನೇ ಎದ್ದು ಈಗಿನ ಲೋಡನ್ನು ಮಾತ್ರ ತೆಗೆದುಕೊಂಡು ಮುಂದುವರಿಯುತ್ತಿತ್ತು. ಕರೆಂಟು ಹೋದಾಗ ಶಾಖ ಕಾಣಿಸುವುದಿಲ್ಲವಲ್ಲ ಎಂದು ನನಗೇ ಸಮಾಧಾನವಿಲ್ಲದೆ, ಜಯಕ್ಕನಿಗೆ ದುಂಬಾಲು ಬಿದ್ದು ಒಂದು ಬ್ಯಾಟರಿ ಹಾಕಿಸಿದೆ. ಅಲ್ಲಿಂದಾಚೆಗೆ ಪ್ರೋಗ್ರಾಮು ಒಂದು ಕ್ಷಣವೂ ನಿಲ್ಲಲಿಲ್ಲ. ನಾನು ಬೀಗಿಕೊಂಡು ತಿರುಗಿದೆ. ಸಣ್ಣಪ್ಪಣ್ಣನೂ ಬರಬರುತ್ತಾ ಪರದೆ ನೋಡಿ ಸೌದೆ ಹಾಕುವುದನ್ನು ಕಲಿತರು. ಅಷ್ಟು ದೊಡ್ಡ ಅಂಕಿ ಅವರ ವಯಸ್ಸಿನ ಕಣ್ಣಿಗೂ ಚೆನ್ನಾಗಿ ಕಾಣುತ್ತಿತ್ತು.

ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನ, ಪಾಠದ ನಡುವೆ ಪುಟ್ಟಸ್ವಾಮಿಯ ಫೋನು ಬಂತು. ಎರಡನೇ ಬ್ಯಾರನ್ನಿನ ಐದನೇ ಲೋಡು ಕೈಬಿಟ್ಟಿತು ಎಂದ. ಉಳಿದೆರಡಕ್ಕೆ ಅವತ್ತು ಒಲೆ ಹಚ್ಚಿರಲಿಲ್ಲ. ಮೂರನೇ ದಿನದ ಸೊಪ್ಪು, ಇನ್ನೂ ಒಳಗೆ ಪಸೆ ಇರುವಂಥದ್ದು, ಕಿಂಡಿಯಿಂದ ನೋಡಿದರೆ ಕೆಂಪಗೆ ಸುಟ್ಟಹಾಗಿದೆ ಎಂದ. ನಾನು ಯೋಚನೆಯೇ ಮಾಡದೆ, ಕಂಪ್ಯೂಟರು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದೆ. ನಮ್ಮ ವಿದ್ಯೆಯ ಕೈಮದ್ದು ಅದೊಂದೇ ತಾನೆ. ಬಸ್ಸು ಹಿಡಿದು ಹೋಗಿ ತಲುಪುವ ಹೊತ್ತಿಗೆ ಪರದೆ ಸರಿಯಾದ ಶಾಖವನ್ನೇ ತೋರಿಸುತ್ತಿತ್ತು. ಒಲೆಯ ಸೌದೆ ಎಳೆದುಹಾಕಿ ಬಾಗಿಲು ತೆರೆದಿದ್ದರು. ಬಂಗಾರದ ಬಣ್ಣಕ್ಕೆ ತಿರುಗಬೇಕಿದ್ದ ಸೊಪ್ಪು ಕೆಂಪು, ಕಪ್ಪು, ಕಂದು ಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ಜಯಕ್ಕ ಒಂದು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ, ಒಳಗೆ ಹೋದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಪುಟ್ಟಸ್ವಾಮಿ ಸಣ್ಣಪ್ಪಣ್ಣನನ್ನು ಹಿಡಿದುಕೊಂಡಿದ್ದ. ನೀನು ನಿದ್ದೆ ಹೊಡೆದೆ, ಕುಡಿದಿದ್ದೆ, ಕಣ್ಣು ಮುಚ್ಚಿ ಸೌದೆ ತುರುಕಿದೆ ಎಂದು ಒಂದೇ ಸಮನೆ ಕೂಗಾಟ. ಆ ಮನುಷ್ಯ ಒಲೆ ಹಚ್ಚಿದ ಮೇಲೆ ಕಾಫಿಯನ್ನೂ ಅಲ್ಲಿಗೇ ತರಿಸಿಕೊಂಡು ಕುಡಿಯುವವರು. ಅವರು ನನ್ನ ಕಡೆ ತಿರುಗಿದರು.

“ವಾಸ್ನೆ ಬದ್ಲಾದಂಗೆ ಅನ್ನುಸ್ತು ಕಣವ್ವ. ಎದ್ದೋಗಿ ನೋಡುದ್ರೆ ನೂರ ಹದಿನೆಂಟು ಅಂತ ಇತ್ತು. ಯಾಕೆ ಏರ್ತಾ ಇಲ್ಲ ಅಂತ ಇನ್ನೆರಡು ಸೌದೆ ಆಕ್ದೆ. ಆಮೇಲೂ ನೂರ ಹದಿನೆಂಟೇ. ಸರಿ, ನನ್ ಮೂಗೇ ಕೆಟ್ಟೋಗೈತೆ ಅಂದ್ಕೊಂಡೆ.”

ಆ ಹೊತ್ತಿಗೆ ಪರದೆಯಲ್ಲಿ ಅಂಕಿ ಹತ್ತು ಸೆಕೆಂಡಿಗೊಮ್ಮೆ ಚಕಚಕನೆ ಬದಲಾಗುತ್ತಿತ್ತು. ನಾನು ಅದನ್ನು ತೋರಿಸಿ, ಸರಿಯಾಗೇ ಇದೆಯಲ್ಲ, ನೀವು ನೂರ ನಲವತ್ತೆಂಟನ್ನು ನೂರ ಹದಿನೆಂಟು ಅಂತ ಓದಿಕೊಂಡಿರಬೇಕು ಅಂದೆ. ಹೌದು, ನಾನೇ ಅಂದೆ. ಸಣ್ಣಪ್ಪಣ್ಣ ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಇರಬೌದು ಕಣವ್ವ ಎಂದರು. ಸಂಜೆ ಮನೆಯಲ್ಲಿ ಅಬ್ಬ, ನಿನ್ನ ಕೆಲಸದಲ್ಲಿ ಏನಾದರೂ ಐಬು ಇದೆಯಾ ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ. ನನಗೆ ಸುಳ್ಳು ಹೇಳುತ್ತಿದ್ದೇನೆ ಅನ್ನಿಸಿರಲಿಲ್ಲ. ಹುಡುಕಿ ನೋಡದೆಯೇ ಹೇಳುತ್ತಿದ್ದೇನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಸಣ್ಣಪ್ಪಣ್ಣ ಕೆಲಸ ಬಿಟ್ಟರು. ಯಾರೂ ಹೋಗು ಅಂದಿರಲಿಲ್ಲ. ಜಯಕ್ಕ ತಡೆದರೂ ನಿಲ್ಲಲಿಲ್ಲವಂತೆ. ಮೂಗು ಹೋದ ಮೇಲೆ ಒಲೆ ಮುಂದೆ ಕೂರುವುದು ಇನ್ನೊಬ್ಬರ ಅನ್ನಕ್ಕೆ ಮಣ್ಣು ಹಾಕಿದ ಹಾಗೆ ಎಂದು ಹೇಳಿ, ಎಚ್.ಡಿ. ಕೋಟೆ ಕಡೆ ಶುಂಠಿ ತೊಳೆಯುವ ಕೂಲಿಗೆ ಹೊರಟುಹೋದರು. ಇಪ್ಪತ್ತು ವರ್ಷದ ವಿದ್ಯೆಯನ್ನು ನನ್ನ ಒಂದು ಮಾತಿಗೆ ಬಿಟ್ಟುಕೊಟ್ಟು ಹೋದರು. ಈ ಸುದ್ದಿಯನ್ನು ನನಗೆ ಹೇಳಿದವರು ಅಬ್ಬ.

ಆದರೂ ಹುಡುಕಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ತಂತಿಯ ಮೇಲೆ, ಬ್ಯಾಟರಿಯ ಮೇಲೆ, ಸೌದೆಯ ಮೇಲೆ ಅನುಮಾನ ಪಟ್ಟುಕೊಂಡು ಸುಮಾರು ಒಂದು ತಿಂಗಳು ಕಳೆದೆ. ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು, ಎಂಟನೇ ಲೋಡು ಬೇಯುತ್ತಿತ್ತು. ಈಗ ಒಲೆಯ ಮುಂದೆ ಕೂರುತ್ತಿದ್ದ ಪುಟ್ಟಸ್ವಾಮಿ ಒಂದು ಬೆಳಗ್ಗೆ ಫೋನು ಮಾಡಿ, ಅಂಕಿ ಯಾಕೋ ಎರಡು ಮೂರು ನಿಮಿಷಕ್ಕೊಮ್ಮೆ ಬದಲಾಗ್ತಾ ಇದೆ, ಆಫ್ ಮಾಡಿ ಆನ್ ಮಾಡಲಾ ಎಂದು ಕೇಳಿದ. ಸಣ್ಣಪ್ಪಣ್ಣನ ಬದಲಾಗದ ನೂರ ಹದಿನೆಂಟು ನೆನಪಾಯಿತು. ಮುಟ್ಟಬೇಡಿ ಎಂದೆ. ಥರ್ಮಾಮೀಟರುಗಳನ್ನು ಹುಡುಕಿ ಮತ್ತೆ ಕಿಂಡಿಗೆ ಕಟ್ಟಿ, ಅವನ್ನೇ ನೋಡಿಕೊಂಡು ಒಲೆ ನಡೆಸಿ, ನಾನು ಬರುವವರೆಗೆ ಕಂಪ್ಯೂಟರನ್ನು ಯಾರೂ ಮುಟ್ಟಕೂಡದು ಎಂದೆ.

ಹೋಗಿ ಕೂತೆ. ನಡೆಯುತ್ತಿರುವ ಪ್ರೋಗ್ರಾಮು ಮೆಮೊರಿಯಲ್ಲಿ ಏನೇನು ಇಟ್ಟುಕೊಂಡಿದೆ ಎಂಬುದರ ಪೂರ್ತಿ ಪ್ರತಿ ತೆಗೆಯುವ ಉಪಾಯವಿದೆ. ಮೊದಲು ಅದನ್ನು ತೆಗೆದುಕೊಂಡೆ. ಬಿಚ್ಚಿ ನೋಡಿದರೆ, ಎರಡನೇ ಬ್ಯಾರನ್ನಿನಲ್ಲಿ ಒಂದೇ ಲೋಡು ಇರಬೇಕಾದ ಕಡೆ ನಾಲ್ಕು ಕೂತಿದ್ದವು, ಆಗಸ್ಟಿನಲ್ಲಿ ಆಫ್ ಮಾಡಿ ಆನ್ ಮಾಡಿದಂದಿನಿಂದ ಈಚಿನವು, ಐದರಿಂದ ಎಂಟರವರೆಗೆ. ಸುಟ್ಟ ಐದನೆಯದೂ ಸೇರಿ ಮೊದಲ ಮೂರರ ಸೊಪ್ಪು ಇಳಿದು ಎಷ್ಟೋ ದಿನಗಳಾಗಿದ್ದವು. ಪ್ರೋಗ್ರಾಮಿನ ಪಾಲಿಗೆ ಅವೆಲ್ಲ ಇನ್ನೂ ಬೇಯುತ್ತಲೇ ಇದ್ದವು. ಶಾಖದ ಪ್ರತಿಯೊಂದು ಅಂಕಿಯೂ ನಾಲ್ಕು ಲೋಡುಗಳಿಗೂ ಹೋಗಿ ನಾಲ್ಕು ಸಲ ಜಮೆಯಾಗುತ್ತಿತ್ತು. ಹೊಸ ಲೋಡು ಬಂದಾಗ, ಇನ್ನು ಮೇಲೆ ಬರುವ ಅಂಕಿಯೆಲ್ಲ ಇದಕ್ಕೂ ಕೊಡು ಎಂದು ತಂತಿಯಿಂದ ಅಂಕಿ ಓದುವ ಭಾಗದ ಪಟ್ಟಿಯಲ್ಲಿ ಅದರ ಹೆಸರು ಬರೆಸುತ್ತಿದ್ದೆ. ಹೆಸರು ಹೊಡೆದುಹಾಕುವ ಸಾಲು ಇದ್ದದ್ದು ‘ಬ್ಯಾರನ್ ಖಾಲಿ’ ಗುಂಡಿಯ ಹಿಂದೆ. ಆ ಗುಂಡಿಯನ್ನು ಇಡೀ ಸೀಸನ್ನಿನಲ್ಲಿ ಒಬ್ಬರೂ ಒಂದು ಸಲವೂ ಒತ್ತಿರಲಿಲ್ಲ. ಪಟ್ಟಿ ಹಿಡಿದುಕೊಂಡಿರುವವರೆಗೆ ಗುಡಿಸುವವಳು ಹೇಗೆ ತಾನೆ ಮುಟ್ಟಿಯಾಳು? ಜಾಗ ಸಾಲದಾದಾಗ ಅವಳು ಮತ್ತೆ ಮತ್ತೆ ಗುಡಿಸಲು ಬರುತ್ತಾಳೆ, ಒಂದು ಕಡ್ಡಿಯೂ ಸಿಗದೆ ವಾಪಸು ಹೋಗುತ್ತಾಳೆ. ಅವಳು ಗುಡಿಸುವಾಗ ಉಳಿದವರೆಲ್ಲ ಕೈಕಟ್ಟಿ ನಿಲ್ಲಬೇಕು. ಕೊನೆಗೆ ಪ್ರೋಗ್ರಾಮಿಗೆ ಗುಡಿಸುವುದು ಬಿಟ್ಟರೆ ಬೇರೆ ಕೆಲಸವೇ ಉಳಿಯುವುದಿಲ್ಲ. ಸತ್ತಿದ್ದರೆ ಪರದೆ ಕಪ್ಪಾಗಿ ಯಾರಿಗಾದರೂ ಗೊತ್ತಾಗುತ್ತಿತ್ತು. ಇದು ಸಾಯದೆ, ಕೊನೆಯ ಅಂಕಿಯನ್ನು ಮುಖದ ಮೇಲಿಟ್ಟುಕೊಂಡು, ಗಂಟೆಯನ್ನೂ ಹೊಡೆಯದೆ ನಿಂತುಬಿಟ್ಟಿತ್ತು. ಜುಲೈನಲ್ಲಿ ಕಾಪಾಡಿದ್ದು ದಿನಕ್ಕೆರಡು ಸಲ ಹೋಗುತ್ತಿದ್ದ ಕರೆಂಟು. ಅದನ್ನೂ ನಾನೇ ತಪ್ಪಿಸಿದ್ದೆ.

ಅಂಕಿಗಳೆಲ್ಲ ಕಡತಕ್ಕೂ ಹೋಗುತ್ತಿದ್ದವು. ಆಗಸ್ಟಿನ ಆ ದಿನದ ದಾಖಲೆಯನ್ನು ತೆರೆಯಲು ಕೈ ಬರಲಿಲ್ಲ. ತೆರೆದೆ. ಹತ್ತು ಸೆಕೆಂಡಿಗೊಂದು ಸಾಲು ಇರಬೇಕಿದ್ದಲ್ಲಿ, ಹನ್ನೊಂದೂಕಾಲಿಗೆ ನೂರ ಹದಿನೆಂಟು ಎಂದು ಬರೆದು, ಮುಂದಿನ ಸಾಲು ಇದ್ದದ್ದು ಪುಟ್ಟಸ್ವಾಮಿ ಆಫ್ ಮಾಡಿ ಆನ್ ಮಾಡಿದ ನಂತರದ್ದು. ನಡುವೆ ಒಂದೂವರೆ ಗಂಟೆ ಏನೂ ಇಲ್ಲ.

ಖಾಲಿ ಗುಂಡಿ ಯಾಕೆ ಒತ್ತಲಿಲ್ಲ ಎಂದು ಪುಟ್ಟಸ್ವಾಮಿಯನ್ನು ಕೇಳಿದೆ. ಅವನು ಅತ್ತಿಗೆಯ ಮುಖ ನೋಡಿದ. ಜಯಕ್ಕ ಇದೆಂಥ ಪ್ರಶ್ನೆ ಎಂಬಂತೆ ನನ್ನನ್ನು ನೋಡಿದರು.

“ಸೊಪ್ಪಿನ್ನೂ ಗಿಡದಲ್ಲೈತೆ, ಬ್ಯಾರನ್ ಖಾಲಿ ಅಂತ ನಮ್ ಕೈಯಾರೆ ನಾವೇ ಒತ್ತೋದಾ? ಅಂಗೆಲ್ಲಾ ಅನ್ಬಾರ್ದು ಕಣವ್ವ. ಕೊನೇ ಲೋಡಾಗಿ, ಪೂಜೆ ಮಾಡ್ದ ಮೇಲೆ ಒತ್ತಾನ ಅಂತ ಬುಟ್ಟಿದ್ದೊ.”

ಅವರ ಮನೆಯಲ್ಲಿ ಅಕ್ಕಿ ಮುಗಿದರೆ ತುಂಬೈತೆ ಅನ್ನುತ್ತಾರೆ, ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುತ್ತಾರೆ. ಇದೇನು ನನಗೆ ಗೊತ್ತಿಲ್ಲದ್ದೆ? ನಮ್ಮ ಮನೆಯಲ್ಲೂ ಹಿಟ್ಟಿನ ಡಬ್ಬ ಬರಿದಾದರೆ ಅಮ್ಮಿ ಬರ್ಕತ್ ಆಯಿತು, ಹೆಚ್ಚಿತು ಅನ್ನುತ್ತಾಳೆ, ಖಾಲಿ ಅಂದರೆ ಆ ಮಾತೇ ನಿಜವಾಗಿಬಿಡುತ್ತದೆ ಎಂಬ ಭಯ. ಹುಟ್ಟಿದಾರಭ್ಯ ಇದನ್ನೇ ಕೇಳಿಕೊಂಡು ಬೆಳೆದ ನಾನು, ಕಂಪ್ಯೂಟರ್ ಮುಂದೆ ಕೂತ ಕೂಡಲೇ ಎಲ್ಲಿಂದಲೋ ಬಂದವಳ ಹಾಗೆ ‘ಬ್ಯಾರನ್ ಖಾಲಿ’ ಎಂದು ಬರೆದಿದ್ದೆ.

ಗುಂಡಿಯ ಮೇಲೆ ‘ಸೊಪ್ಪು ಇಳಿಸಿದೆ’ ಎಂದು ಬದಲಾಯಿಸಲು ಒಂದು ನಿಮಿಷ ಸಾಕಾಯಿತು. ಅಷ್ಟಕ್ಕೇ ಬಿಡಬಾರದು ಎಂಬ ಬುದ್ಧಿ ಆಗ ಬಂದಿತ್ತು. ಯಾರೋ ಒತ್ತುತ್ತಾರೆ ಎಂದು ನಂಬಿ ಕೂರುವುದೇ ತಪ್ಪು. ಹೊಸ ಲೋಡು ಬಂದ ಕೂಡಲೇ ಆ ಬ್ಯಾರನ್ನಿನ ಹಳೆಯದು ಪಟ್ಟಿಯಿಂದ ತಾನಾಗಿ ಹೋಗುವಂತೆ ಮಾಡಿದೆ. ಹಳೆಯ ಅಂಕಿಗಳನ್ನು ಮೆಮೊರಿಯಲ್ಲಿ ಪೇರಿಸದೆ, ಕಡತದಲ್ಲಷ್ಟೇ ಉಳಿಸಿ, ಕೊನೆಯ ಒಂದು ದಿನದ್ದನ್ನು ಮಾತ್ರ ಇಟ್ಟುಕೊಂಡೆ. ಪರದೆಯಲ್ಲಿ ಅಂಕಿಯ ಪಕ್ಕ ಅದು ಬಂದ ಹೊತ್ತನ್ನೂ ತೋರಿಸಿದೆ. ಗಂಟೆಯನ್ನು ಬೇರೊಂದು ಸಣ್ಣ ಪೆಟ್ಟಿಗೆಗೆ ಕಟ್ಟಿದೆ, ಕಂಪ್ಯೂಟರಿನಿಂದ ಒಂದು ನಿಮಿಷ ಮಾತಿಲ್ಲದಿದ್ದರೆ ಅದು ತಾನೇ ಹೊಡೆದುಕೊಳ್ಳುವಂತೆ. ಥರ್ಮಾಮೀಟರುಗಳು ಕಿಂಡಿಯಲ್ಲೇ ಉಳಿದವು. ಎಲ್ಲ ಸೇರಿ ಮೂರು ದಿನದ ಕೆಲಸ.

ಉಳಿದದ್ದು ಕಷ್ಟದ ಕೆಲಸ. ಮೊದಲು ಅಬ್ಬನಿಗೆ ಹೇಳಿದೆ. ಅವರು ಕತ್ತರಿಸುತ್ತಿದ್ದ ತಗಡನ್ನು ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು. ಬೈಯಲಿಲ್ಲ. ಕೊಳವೆ ಹೊಗೆ ಕಾರಿದರೆ ಬೆಸೆದವನೇ ಹೋಗಿ ನಿಲ್ಲಬೇಕು, ನಾನು ಜೊತೆಗೆ ಬರುತ್ತೇನೆ, ಮಾತು ಮಾತ್ರ ನೀನೇ ಆಡಬೇಕು ಎಂದು ಮನೆಮಾತಿನಲ್ಲಿ ಹೇಳಿದರು. ಜಯಕ್ಕನ ಮುಂದೆ, ಪುಟ್ಟಸ್ವಾಮಿಯ ಮುಂದೆ, ಸೊಪ್ಪು ಕಟ್ಟುವ ಹೆಂಗಸರೆಲ್ಲ ಇದ್ದ ಅಂಗಳದಲ್ಲಿ ಹೇಳಿದೆ. ಐದನೇ ಲೋಡು ಕೆಡಿಸಿದ್ದು ಸಣ್ಣಪ್ಪಣ್ಣ ಅಲ್ಲ, ನಾನು ಅಂತ. ಪುಟ್ಟಸ್ವಾಮಿ ನೆಲ ನೋಡಿದ. ಜಯಕ್ಕ, ಸೊಪ್ಪು ಹೋದದ್ದು ಹೋಯಿತು, ಆ ಮನುಷ್ಯನನ್ನು ಕರೆದುಕೊಂಡು ಬಾ, ಇನ್ನೂ ಎರಡು ಲೋಡು ಇದೆ ಎಂದರು. ನಾನೇ ಫೋನು ಮಾಡಿ ಕರೆಸಲಾ ಎಂದ ಪುಟ್ಟಸ್ವಾಮಿಗೆ, ಬ್ಯಾಡ, ಇವ್ಳೇ ಓಗ್ಲಿ ಎಂದರು.

ಮಾರನೆಯ ದಿನ ಅಬ್ಬನೂ ನಾನೂ ಎಚ್.ಡಿ. ಕೋಟೆಗೆ ಹೋಗಿ, ಅಲ್ಲಿಂದ ಅಂತರಸಂತೆ ಕಡೆಯ ಬಸ್ಸು ಹಿಡಿದೆವು. ಕೇರಳದವರೊಬ್ಬರು ಗುತ್ತಿಗೆಗೆ ಹಿಡಿದ ಶುಂಠಿ ಹೊಲದ ಬದುವಿನಲ್ಲಿ, ಪಂಪಿನ ನೀರು ಬಿಟ್ಟು ಹತ್ತು ಹನ್ನೆರಡು ಜನ ಶುಂಠಿ ತೊಳೆಯುತ್ತಿದ್ದರು. ಸಣ್ಣಪ್ಪಣ್ಣ ಮೊಣಕಾಲವರೆಗೆ ಕೆಸರಾಗಿ ನಿಂತಿದ್ದರು. ನನ್ನನ್ನು ಕಂಡು, ಅಯ್ಯೋ, ಇಷ್ಟು ದೂರ ಯಾಕೆ ಬರಲು ಹೋದಿರಿ ಎಂದು ಅಬ್ಬನಿಗೆ ಕೂರಲು ಗೋಣಿಚೀಲ ಹಾಸಿದರು. ನಾನು ನಿಂತೇ ಹೇಳಿದೆ. ಲೋಡು, ಪಟ್ಟಿ, ಗುಡಿಸುವವಳು ಎಲ್ಲ ಹೇಳಿದೆ. ಅವರಿಗೆ ಅದೇನೂ ಬೇಕಿರಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ನಾನು ಎದ್ದೋಗಿ ನೋಡ್ದಾಗ, ಒಳಗೆ ಬಿಸಿ ನೂರ ಹದ್ನೆಂಟು ಇರ್ನಿಲ್ವಾ?”

“ಇರಲಿಲ್ಲ ಸಣ್ಣಪ್ಪಣ್ಣ. ಅದು ಹಳೇ ಅಂಕಿ. ಒಳಗೆ ಆಗಲೇ ದಾಟಿತ್ತು.”

“ಅಂಗಾರೆ ನನ್ ಮೂಗು ಕೆಟ್ಟಿರ್ನಿಲ್ಲ.”

“ಕೆಟ್ಟಿರಲಿಲ್ಲ. ನೀವು ಓದಿದ್ದೂ ತಪ್ಪಲ್ಲ. ತಪ್ಪು ನಂದು, ಅವತ್ತು ಎಲ್ಲರ ಮುಂದೆ ನಿಮ್ಮ ಮೇಲೆ ಹಾಕಿದ್ದೂ ನಾನೇ.”

ಸಣ್ಣಪ್ಪಣ್ಣ ಕೈಯಲ್ಲಿದ್ದ ಶುಂಠಿಯ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನಿಂತರು. ಆಮೇಲೆ ಹಿಂದೆ ತಿರುಗಿ, ತೊಳೆಯುತ್ತಿದ್ದವರ ಕಡೆ ಒಮ್ಮೆ ನೋಡಿದರು.

“ನಂಗೆ ಮೂಗೋಯ್ತು ಅಂತ ಇವ್ರ್ಗೆಲ್ಲಾ ಏಳ್ಬುಟ್ಟಿವ್ನಿ. ಇವ್ರ ಮುಂದೆ ಇನ್ನೊಂದ್ಸಲ ಏಳವ್ವ.”

ಹೇಳಿದೆ. ಪಂಪಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಸಣ್ಣಪ್ಪಣ್ಣ ಕೆಸರಿನಲ್ಲಿ ನಿಧಾನಕ್ಕೆ ನಡೆದುಹೋಗಿ ಪಂಪು ನಿಲ್ಲಿಸಿ, ಬಂದು ನನ್ನ ಪಕ್ಕ ನಿಂತರು. ನಾನು ಮತ್ತೆ ಮೊದಲಿನಿಂದ ಹೇಳಿದೆ.